ವಸ್ತಿ ಗಾಡಿಯ ಟಮಾಟಿ

ನಮ್ಮ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಕಾಕಾ ಇಡೀ ನೌಕರಿಯಲ್ಲಿ ಒಂದು ಬಸ್ಸಿನ ಹೆಸರಿನ ಮುಂದೆಯೂ ‘ಬಂದಿಲ್ಲ’ ಎಂದು ಬರೆದವರಲ್ಲ. ವೇಳೆ ಮೀರಿದರೆ ರಿಜಿಸ್ಟರಿನ ಆ ಕಾಲಂ ಖಾಲಿ ಬಿಟ್ಟು, ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣಗೆ ‘ಇನ್ನೂ ಬಂದಿಲ್ಲ’ ಎಂದು ಬರೆಯುತ್ತಿದ್ದರು. ಗಾಡಿ ದಾರಿಯಲ್ಲಿ ಕೆಟ್ಟು, ಅದರ ಡ್ರೈವರ್ ಬೇರೆ ಗಾಡಿ ಹತ್ತಿ ಬಂದು ಎದುರಿಗೆ ನಿಂತು ಹೇಳಿದರೂ ಅದೇ ಮಾತು.

“ಕಾಕಾ, ಅದು ಇವತ್ತ ಬರಂಗಿಲ್ರಿ. ಗೇರ್ ಬಾಕ್ಸೇ ಹೋಗ್ಯಾದ.”

“ಇವತ್ತ ಬರಂಗಿಲ್ಲ ಅನ್ರಿ, ಒಪ್ತೇನಿ. ಆದ್ರ ‘ಬಂದಿಲ್ಲ’ ಅಂತ ಬರದ್ರ ಮಾತೇ ಮುಗೀತಲ್ರಿ. ‘ಇನ್ನೂ’ ಅನ್ನೂದೊಂದು ಇರ್ಲಿ. ಅದಕ್ಕೇನು ಜಾಗಾ ಭಾಳ ಬೇಕಾ?”

ಮೊನ್ನೆ ಏಪ್ರಿಲಿನಲ್ಲಿ ಅವರು ತೀರಿಕೊಂಡರು. ನಿವೃತ್ತಿಯ ಮೇಲೆ ಹೆಂಡತಿಯ ಊರಾದ ಅಫಜಲಪುರದಲ್ಲಿ ಮನೆ ಮಾಡಿಕೊಂಡಿದ್ದರು. ಸುದ್ದಿ ತಂದವನು ಆ ಕಡೆಯ ಬಸ್ಸಿನ ಡ್ರೈವರ್. ಕೇಳಿದ ಕೂಡಲೇ ನನಗೆ ನೆನಪಾದದ್ದು ಅವರ ಮುಖವಲ್ಲ, ಆ ಪೆನ್ಸಿಲ್ ಅಕ್ಷರ.

ನಾನು ಆಳಂದ ಡಿಪೋಕ್ಕೆ ಕಂಡಕ್ಟರನಾಗಿ ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆಗ ಬಸ್ ಸ್ಟ್ಯಾಂಡಿನಲ್ಲಿ ಮೈಕು ಇರಲಿಲ್ಲ, ಕಾಕಾ ಇದ್ದರು. ಸಣಕಲು ಮೈ, ಎರಡು ಅಳತೆ ದೊಡ್ಡದಾದ ಖಾಕಿ ಅಂಗಿ, ತುಟಿಯ ಮೂಲೆಯಲ್ಲಿ ಸದಾ ಒಂದು ಸೀಟಿ. ಆ ಮೈಯೊಳಗೆ ಅಂಥ ದನಿ ಎಲ್ಲಿ ಅಡಗಿತ್ತೋ ದೇವರೇ ಬಲ್ಲ. “ಜಿಡಗಾ, ಜಿಡಗಾ! ಕೂಡ್ರೋರು ಕೂಡ್ರಿ, ಕಳಸಾಕ ಬಂದೋರು ಇಳೀರಿ!” ಎಂದರೆ ರಸ್ತೆಯಾಚೆಯ ಹೋಟೆಲಿನಲ್ಲಿ ಸಾಸರಿಗೆ ಸುರುವಿಕೊಂಡ ಚಹಾ ಬಿಟ್ಟು ಜನ ಓಡಿ ಬರುತ್ತಿದ್ದರು. ಪ್ರಯಾಣಿಕರಿಗೆ, ಡ್ರೈವರಿಗೆ, ಕಸ ಗುಡಿಸುವವರಿಗೆ, ಎಲ್ಲರಿಗೂ ಅವರದು ‘ರೀ’. ‘ಲೇ’ ಅನ್ನುತ್ತಿದ್ದುದು ತಮ್ಮ ಟಮಾಟಿ ಗಿಡಗಳಿಗೆ ಮಾತ್ರ.

ಅವರ ಬಾಡಿಗೆ ಮನೆಯ ಅಂಗಳದ ತುಂಬ ಫರ್ಸಿ ಕಲ್ಲಿನ ಚಪ್ಪಡಿ. ನಮ್ಮ ಕಡೆ ಯಾವುದಕ್ಕೆ ಬರ ಬಂದರೂ ಫರ್ಸಿಗೆ ಬಂದಿಲ್ಲ. ನೆಲಕ್ಕೆ ಅದೇ, ಕಟ್ಟೆಗೆ ಅದೇ, ಬಚ್ಚಲಿಗೆ ಅದೇ. ಒಂದು ಕಲ್ಲು ಎಬ್ಬಿಸಿ ಅಂಗೈಯಗಲ ಮಣ್ಣು ಮಾಡಿಕೊಳ್ಳುತ್ತೇನೆ ಎಂದರೆ ಮನೆಯ ಮಾಲಕ, “ಫರ್ಸಿ ಎಬ್ಬಿಸೋ ದಿನ ನೀವೂ ಏಳ್ರಿ” ಎಂದನಂತೆ. ಕಾಕಾ ಕಲ್ಲನ್ನೂ ಎಬ್ಬಿಸಲಿಲ್ಲ, ತಾವೂ ಏಳಲಿಲ್ಲ. ಅಡುಗೆ ಎಣ್ಣೆಯ ತಗಡು ಡಬ್ಬಿ, ಬಾಯಿ ಒಡೆದ ಗಡಿಗೆ, ಡಿಪೋದಲ್ಲಿ ತೂತು ಬಿದ್ದು ಮೂಲೆ ಸೇರಿದ ಬಕೆಟ್ಟು, ಇವನ್ನೆಲ್ಲ ತಂದು ಬಸ್ಸುಗಳನ್ನು ನಿಲ್ಲಿಸಿದ ಹಾಗೆ ಗೋಡೆಗುಂಟ ಸಾಲು ಹಚ್ಚಿದರು. ಒಂದೊಂದಕ್ಕೂ ಸುಣ್ಣದಲ್ಲಿ ನಂಬರು ಬರೆದರು.

“ನೆಲದಾಗ ಹಚ್ಚಿದ್ದು ನೆಲದವನ ಪಾಲು. ಡಬ್ಬ್ಯಾಗ ಹಚ್ಚಿದ್ದು ನಮ್ಮ ಜೋಡಿ ಬರ್ತದ. ನೌಕರಿ ಮಂದಿಗಿ ಡಬ್ಬೀನೇ ಹೊಲ್ರಿ,” ಎನ್ನುತ್ತಿದ್ದರು.

ಈ ಎಲ್ಲ ಉಸಾಬರಿ ಕಾಕುಗಾಗಿ, ಅಂದರೆ ಅವರ ಹೆಂಡತಿಗಾಗಿ. ಆಕೆಗೆ ಸಂದುನೋವು. ಹುಣಸೆಹುಳಿ ಬೇಡ, ಮಾವಿನಕಾಯಿಯಂತೂ ಬೇಡವೇ ಬೇಡ ಎಂದು ವೈದ್ಯರು ಪಥ್ಯ ಹೇಳಿದ್ದರು. ನಿಂಬೆ ಹಿಂಡಿದ ಸಾರು ಆಕೆಗೆ ಔಷಧ ಕುಡಿದಂತೆ ಅನಿಸುತ್ತಿತ್ತು. ಉಳಿದದ್ದು ಟಮಾಟಿ ಒಂದೇ. ಚಳಿಗಾಲದಲ್ಲಿ ಸಂತೆಯಲ್ಲಿ ಅದು ರಾಶಿ ಬೀಳುತ್ತಿತ್ತು. ಬೇಸಿಗೆ ಬಂತೆಂದರೆ ಆಗಿನ ಆಳಂದದಲ್ಲಿ ಕಣ್ಣಿಗೆ ಕಾಣಲೂ ಒಂದು ಹಣ್ಣು ಸಿಗುತ್ತಿರಲಿಲ್ಲ. ಏಪ್ರಿಲ್, ಮೇ ಎರಡು ತಿಂಗಳು ಕಾಕು ಹಾಲಿನಲ್ಲಿ ರೊಟ್ಟಿ ಮುರಿದುಕೊಂಡು ನಾಲ್ಕು ತುತ್ತು ತಿಂದು ಎದ್ದುಬಿಡುತ್ತಿದ್ದರು. ಅದನ್ನು ಎದುರಿಗೆ ಕೂತು ನೋಡುವುದು ಕಾಕಾನಿಗೆ ಆಗುತ್ತಿರಲಿಲ್ಲ.

“ಬ್ಯಾಸಗ್ಯಾಗ, ಡಬ್ಬ್ಯಾಗ ಕಾಯಿ ಹಿಡಿಯೂ ಟಮಾಟಿ ಎಲ್ಲ್ಯಾರ ಇದ್ದೇ ಇರ್ತದ್ರಿ. ಇನ್ನೂ ಬಂದಿಲ್ಲ, ಅಷ್ಟೇ,” ಎಂದು ನಮಗೆಲ್ಲ ಹೇಳುತ್ತಿದ್ದರು.

ಬರುವ ದಾರಿಯನ್ನು ಅವರೇ ಮಾಡಿದರು. ಯಾವ ಕಂಡಕ್ಟರ್ ಯಾವ ಊರಿಗೆ ಹೋಗಲಿ, ಅಲ್ಲಿಯ ಸಂತೆಯಿಂದ ಒಂದು ಮಾಗಿದ ಟಮಾಟಿ ತರಬೇಕು. ಹಣ್ಣನ್ನು ಬಟ್ಟಲಲ್ಲಿ ಹಿಂಡಿ, ಎರಡು ದಿನ ನೀರಲ್ಲಿ ಬಿಟ್ಟು, ಬೀಜ ತೊಳೆದು ಒಣಗಿಸಿ, ಹುಳ ಹತ್ತದಂತೆ ಒಲೆಯ ಬೂದಿಯಲ್ಲಿ ಕಲಸಿ ಪುಡಿಕೆ ಕಟ್ಟುತ್ತಿದ್ದರು. ತಳಿಗಳ ಹೆಸರು ಅವರಿಗೂ ಗೊತ್ತಿಲ್ಲ, ತಂದವರಿಗೂ ಗೊತ್ತಿಲ್ಲ. ಹಾಗಾಗಿ ಪುಡಿಕೆಯ ಮೇಲೆ ಅದು ಬಂದ ಬಸ್ಸಿನ ಹೆಸರೇ. ಹಳೆಯ ಲಾಗ್‌ಶೀಟುಗಳ ಬೆನ್ನಿಗೆ ಗೆರೆ ಎಳೆದು ಹೊಲಿದ ಒಂದು ಟಮಾಟಿ ರಿಜಿಸ್ಟರು ಬೇರೆ ಇತ್ತು. ಅದರ ಕೆಲವು ಸಾಲು ನನಗೆ ಇನ್ನೂ ಬಾಯಿಪಾಠ:

‘ಸೊಲ್ಲಾಪುರ ಫಸ್ಟ್ ಗಾಡಿ. ಎಕ್ಸ್‌ಪ್ರೆಸ್. ಡಬ್ಬಿಗೆ ಬೇಡ.’

‘ಹೈದರಾಬಾದ್. ಶಟಲ್. ಹಣ್ಣು ಒಮ್ಮೆಲೇ ಬಂದು ಒಮ್ಮೆಲೇ ಖಾಲಿ.’

‘ಬೆಂಗಳೂರು. ನೋಡಲು ಚಂದ. ಬಿಸಿಲಿಗೆ ಬೇಹೋಷ್.’

ಎಕ್ಸ್‌ಪ್ರೆಸ್ ಎಂದರೆ ಎಲ್ಲಿಯೂ ನಿಲ್ಲದೆ ಮೇಲೇರುವ ಜಾತಿ. ಬಳ್ಳಿಯ ಹಾಗೆ ಮಾಳಿಗೆಯ ಅಂಚು ಮುಟ್ಟುತ್ತದೆ; ಡಬ್ಬಿಯ ಒಂದು ಬೊಗಸೆ ಮಣ್ಣು ಅದರ ಹೊಟ್ಟೆಗೆ ಎಲ್ಲಿಗೂ ಸಾಲದೆ ಬರೀ ಎಲೆ ಬಿಡುತ್ತದೆ. ಶಟಲ್ ಎಂದರೆ ಮೊಣಕಾಲುದ್ದ ಬೆಳೆದು ಅಲ್ಲೇ ನಿಂತು ಕಾಯಿ ಹಿಡಿಯುವುದು. “ಡಬ್ಬಿಗಿ ಶಟಲ್ಲೇ ಬರೋಬರಿ. ಸಣ್ಣ ಮನ್ಯಾಗ ದೊಡ್ಡ ಹಾರ‍್ಯಾಟದವರನ್ನ ಇಟ್ಕೊಂಡು ಏನ್ ಮಾಡೂದ್ರಿ?” ಎನ್ನುತ್ತಿದ್ದರು. ಖಜೂರಿ ರಸ್ತೆಯಲ್ಲಿ ಮಹಾರಾಷ್ಟ್ರದ ಲಾರಿಯಿಂದ ಬಿದ್ದ ಒಂದು ದಪ್ಪ ಹಣ್ಣನ್ನು ನಾನೇ ಎತ್ತಿ ತಂದಿದ್ದೆ. ಅಷ್ಟೆತ್ತರದಿಂದ ಬಿದ್ದರೂ ಅದರ ಸಿಪ್ಪೆ ಬಿರಿದಿರಲಿಲ್ಲ. ಕಾಕಾ ಕಚ್ಚಿ ನೋಡಿ, “ಇದು ಲಾರ‍್ಯಾಗ ಕುಂತು ತಿರಗಾಕ ಹುಟ್ಟಿದ್ರಿ, ಸಾರಿಗಲ್ಲ” ಎಂದು ತೀರ್ಪು ಕೊಟ್ಟರು.

ಅವರು ತಪ್ಪು ಮಾಡಲಿಲ್ಲವೆಂದಲ್ಲ. ಮೊದಲ ವರ್ಷ ಡಬ್ಬಿಗಳಿಗೆ ನಮ್ಮ ಎರೆಮಣ್ಣನ್ನೇ ತುಂಬಿದರು. ನೀರು ಹಾಕಿದರೆ ರಾಡಿ, ಒಣಗಿದರೆ ಬೆರಳು ಹೋಗುವಷ್ಟು ಬಿರುಕು, ಬೇರುಗಳೆಲ್ಲ ಹರಿದವು. ಆಮೇಲೆ ಅಫಜಲಪುರದ ಗಾಡಿಯಲ್ಲಿ ಭೀಮಾ ನದಿಯ ಉಸುಕು ತರಿಸಿ ಅರ್ಧಕ್ಕರ್ಧ ಕಲಸಿದರು. ಬಿಸಿಲಿಗೆ ತಗಡು ಕಾದು ಬೇರು ಬೇಯುತ್ತದೆಂದು ತಿಳಿದ ಮೇಲೆ ಡಬ್ಬಿಗಳಿಗೆ ಒದ್ದೆ ಗೋಣಿತಟ್ಟು ಸುತ್ತಿದರು. ಅದನ್ನು ನೋಡಿ ಕಾಕು ನನ್ನೆದುರಿಗೇ ಅಂದರು:

“ನನಗ ಒಂದ್ ಸೀರಿ ತರಬೇಕಾದ್ರ ಮೂರ ಹಬ್ಬ ನೋಡ್ತಾರ. ಟಮಾಟಿಗಿ ನೋಡಪ್ಪ, ದಿನಾ ಮಡಿ ಉಡಸ್ತಾರ.”

ಹೀಗಿದ್ದೂ ಪ್ರತಿ ಏಪ್ರಿಲಿನಲ್ಲಿ ಅದೇ ಕಥೆ. ಬೆಳಿಗ್ಗೆ ಗಿಡದ ತುಂಬ ಹಳದಿ ಹೂ, ಸಂಜೆಗೆ ಅಷ್ಟೂ ಫರ್ಸಿಯ ಮೇಲೆ. ಕಾಕಾ ಡಬ್ಬಿಯ ಮುಂದೆ ಕೂತು, “ಲೇ, ನಿನಗೇನ್ ಕಮ್ಮಿ ಮಾಡೀನಲೇ?” ಎಂದು ಕೇಳುತ್ತಿದ್ದರು. ಹೂ ಗುಡಿಸುತ್ತಿದ್ದ ಕಾಕು ಅವರದೇ ದನಿಯಲ್ಲಿ “ಇನ್ನೂ ಬಂದಿಲ್ಲ” ಎಂದು ಅಣಕಿಸಿ, ಮತ್ತೆ ಹಾಲಿನಲ್ಲಿ ರೊಟ್ಟಿ ಮುರಿದುಕೊಳ್ಳುತ್ತಿದ್ದರು.

ಅದು ಬಂದದ್ದು ನನ್ನ ಟಿಕೆಟ್ ಚೀಲದಲ್ಲಿ. ಈ ಒಂದು ಹೆಮ್ಮೆಯನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಸಂಜೆ ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ಮರಳುವ ಬಸ್ಸಿಗೆ ನಮ್ಮಲ್ಲಿ ವಸ್ತಿ ಗಾಡಿ ಎನ್ನುತ್ತಾರೆ. ಆಗ ನಾನು ಕಿಣ್ಣಿ ಸುಲ್ತಾನದ ವಸ್ತಿ ಗಾಡಿಯ ಮೇಲಿದ್ದೆ. ಮೇ ತಿಂಗಳ ಒಂದು ಬೆಳಿಗ್ಗೆ, ಅಲ್ಲಿ ನಮಗೆ ಮುಖ ತೊಳೆಯಲು ನೀರು ಕೊಡುತ್ತಿದ್ದ ಒಬ್ಬ ಮುದುಕಿಯ ಗೋಡೆಯ ಬದಿ, ದನ ನೀರು ಕುಡಿಯುವ ಒಡಕು ಬಾನಿಯಲ್ಲಿ ಒಂದು ಗಿಡ್ಡ ಗಿಡ ಕಂಡಿತು. ಅಂಥ ಬಿಸಿಲಲ್ಲೂ ನೆಲ್ಲಿಕಾಯಿಯಷ್ಟು ದಪ್ಪದ ಕೆಂಪು ಹಣ್ಣು.

“ಇದ್ಯಾವ ಟಮಾಟಿ, ಆಯಿ?”

“ಯಾವ್ದಂತ ಹೇಳ್ಲಪ್ಪ. ಜವಾರಿ. ನಮ್ಮತ್ತಿ ಕಾಲದಿಂದ ತಾನ ಬೀಳ್ತದ, ತಾನ ಹುಟ್ತದ. ಹುಳಿ ಅಂದ್ರ ಹುಳಿ. ಎರಡು ಹಾಕಿದ್ರ ಗಡಗಿ ಸಾರ ಆಗ್ತದ.”

ಆರು ಹಣ್ಣು ಕೊಟ್ಟಳು. ಆಳಂದಕ್ಕೆ ಬಂದು ಕಾಕಾನ ಕೈಗಿಟ್ಟೆ. ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಆಮೇಲೆ ಏನಾಯಿತೋ, ಆ ಖುಷಿಯಲ್ಲಿ ಸೀಟಿ ಬಾಯಿಗಿಟ್ಟು ಜೋರಾಗಿ ಊದಿಬಿಟ್ಟರು. ಜಿಡಗಾ ಗಾಡಿಯ ಡ್ರೈವರ್ ತನಗೇ ಊದಿದರೆಂದು ತಿಳಿದು ಗಾಡಿ ಬಿಟ್ಟ. ಅದರ ಕಂಡಕ್ಟರ್ ಬಾಯಿ ತುಂಬ ಚುರುಮುರಿ ಇಟ್ಟುಕೊಂಡು ಹಿಂದಿನಿಂದ ಓಡಿದ. ತಪ್ಪು ವೇಳೆಗೆ ಕಾಕಾ ಸೀಟಿ ಊದಿದ್ದು ಅದೊಂದೇ ಸಲ.

ಮರುವರ್ಷದ ಬೇಸಿಗೆಯಲ್ಲಿ ಅವರ ಅಂಗಳದ ನಾಲ್ಕು ಡಬ್ಬಿಗಳಲ್ಲಿ ಅದು ಕಾಯಿ ಹಿಡಿಯಿತು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಡಬ್ಬಿಗಳನ್ನು ಗೋಡೆಯ ನೆರಳಿಗೆ ಸರಿಸಬೇಕಿತ್ತು, ಅಷ್ಟೇ ಸೇವೆ. ಮೊದಲ ಸಾರಿನ ದಿನ ನನ್ನನ್ನೂ ಊಟಕ್ಕೆ ಕರೆದಿದ್ದರು. ಕಾಕು ಸಾರು ಸುರಿದುಕೊಂಡು ಎರಡು ರೊಟ್ಟಿ ಉಂಡು, ಮೂರನೆಯದಕ್ಕೆ ಕೈ ಚಾಚಿದರು. ಕಾಕಾ ಉಣ್ಣುವುದನ್ನು ಬಿಟ್ಟು ಆ ಕೈಯನ್ನೇ ನೋಡುತ್ತಿದ್ದರು. ಆ ಸಂಜೆ ಟಮಾಟಿ ರಿಜಿಸ್ಟರಿನಲ್ಲಿ, ಉಳಿದೆಲ್ಲ ಪೆನ್ಸಿಲ್ ಸಾಲುಗಳ ಕೆಳಗೆ, ಶಾಯಿಯಲ್ಲಿ ಬರೆದರು: ‘ವಸ್ತಿ. ಬಂತು.’

ಮೂರು ಬೇಸಿಗೆ ಹೀಗೆ ಕಳೆದ ಮೇಲೆ ಅವರಿಗೆ ಜೇವರ್ಗಿಗೆ ವರ್ಗವಾಯಿತು. ಗಿಡಗಳು ಆ ಸಲದ ಹಣ್ಣು ಕೊಟ್ಟು ಒಣಗಿದ್ದವು. ಬೀಜವನ್ನು ಕಾಕಾ ಯಾವಾಗಲೂ ಎರಡು ಪುಡಿಕೆ ಕಟ್ಟುತ್ತಿದ್ದರು. ಹೋಗುವ ದಿನ ಒಂದನ್ನು ನನ್ನ ಕೈಗೆ ಕೊಟ್ಟರು.

“ಎಲ್ಲಾ ಮಂದೀನ ಒಂದೇ ಗಾಡ್ಯಾಗ ಕೂಡಿಸಬಾರ್ದ್ರಿ. ಇದು ಎರಡನೇ ಗಾಡಿ. ನಿಮ್ಮ ಕಡಿ ಜ್ವಾಪಾನ ಇರ್ಲಿ.”

ಅವತ್ತು ನನಗೆ ಜಿಡಗಾ ಡ್ಯೂಟಿ. ಮುಗಿಸಿ ಮನೆಗೆ ಬಂದವನು ಪುಡಿಕೆಯನ್ನು ಅವ್ವನ ಕೈಗಿಟ್ಟು, “ಅವ್ವಾ, ಇದನ್ನ ಜ್ವಾಪಾನ ಇಡು, ಕಾಲಾಗ ಬೀಳಿಸಬ್ಯಾಡ” ಎಂದೆ. ಅಷ್ಟೇ ಹೇಳಿದೆ. ಬೀಜ ಎನ್ನುವ ಎರಡಕ್ಷರ ಬಾಯಿಂದ ಬರಲಿಲ್ಲ. ನನ್ನ ಅವ್ವ ದಿನಕ್ಕೆರಡು ಸಲ ಲಿಂಗಪೂಜೆ ಮಾಡಿಕೊಳ್ಳುವವಳು. ಮಗ ಜಿಡಗಾದಿಂದ ಬಂದಿದ್ದಾನೆ, ಅಲ್ಲಿ ಮಠವಿದೆ, ಕೈಯಲ್ಲಿ ಬೂದಿಯ ಪುಡಿಕೆಯಿದೆ, ಜೋಪಾನ ಇಡು ಎನ್ನುತ್ತಾನೆ. ಆಕೆ ಪುಡಿಕೆಯನ್ನು ಕಣ್ಣಿಗೊತ್ತಿಕೊಂಡು ದೇವರ ಜಗಲಿಯ ಮೇಲಿಟ್ಟಳು.

ಮುಂದಿನ ಎರಡೂವರೆ ತಿಂಗಳು ನಮ್ಮ ಮನೆಯಲ್ಲಿ ಎಲ್ಲರೂ ಟಮಾಟಿ ಬೀಜ ಹಣೆಗೆ ಹಚ್ಚಿಕೊಂಡೆವು. ನಾನೂ ಹಚ್ಚಿಕೊಂಡೆ, ದಿನಾ, ಡ್ಯೂಟಿಗೆ ಹೊರಡುವ ಮೊದಲು. “ಈ ಸಲದ ಭಸ್ಮ ಯಾಕೋ ಒರಟ ಅದ,” ಎಂದು ಅವ್ವ ಒಮ್ಮೆ ಅಂದದ್ದೂ ನೆನಪಿದೆ. ಆಗಲೂ ನನ್ನ ತಲೆಗೆ ಹೊಳೆಯಲಿಲ್ಲ. ಓಣಿಯ ಕೂಸುಗಳಿಗೆ ಜ್ವರ ಬಂದರೆ ಅವ್ವ ಅದರಲ್ಲೇ ಒಂದು ಚಿಟಿಕೆ ಕೊಟ್ಟು ಕಳಿಸುತ್ತಿದ್ದಳು.

ದೀಪಾವಳಿ ಕಳೆದು ವಾರವಾಗಿತ್ತು. ಜೇವರ್ಗಿಯಿಂದ ಕಂಡಕ್ಟರುಗಳ ಕೈಯಿಂದ ಕೈಗೆ ದಾಟಿ ಒಂದು ಚೀಟಿ ಬಂತು. ‘ಮಳೆಗೆ ಮಾಳಿಗೆ ಸೋರಿ ಟ್ರಂಕಿನಲ್ಲಿದ್ದ ಬೀಜ ಬೂಜು ಹಿಡಿದಿದೆ. ಎರಡನೇ ಗಾಡಿ ಬಿಡಿರಿ.’

ಆಗ ಅವ್ವನನ್ನು ಕೇಳಿದೆ, ಆಗ ಎಲ್ಲ ತಿಳಿಯಿತು. ಅವ್ವ ಹೆದರಿ ಕೆನ್ನೆ ಕೆನ್ನೆ ಬಡಿದುಕೊಂಡಳು. ನಾನು ಮರುದಿನವೇ ಕಿಣ್ಣಿ ಸುಲ್ತಾನಕ್ಕೆ ಓಡಿದೆ. ಮಳೆಗಾಲದಲ್ಲಿ ಗೋಡೆ ಕುಸಿದು ಮುದುಕಿಯ ಬಾನಿ ಪುಡಿಯಾಗಿತ್ತು. “ಬೀಜ ಯಾರ್ ಎತ್ತಿಡ್ತಾರಪ್ಪ? ಅದು ತಾನ ಹುಟ್ತಿತ್ತು,” ಎಂದಳು. ಚೀಟಿಗೆ ಉತ್ತರ ಬರೆಯುವ ಧೈರ್ಯವಾಗಲಿಲ್ಲ. ವಾರದ ರಜೆಯ ದಿನ ಗುಲಬರ್ಗಾದಲ್ಲಿ ಗಾಡಿ ಬದಲಿಸಿ ಜೇವರ್ಗಿಗೆ ನಾನೇ ಹೋದೆ.

ಕಾಕಾ ಸ್ಟ್ಯಾಂಡಿನಲ್ಲಿದ್ದರು. ನನ್ನ ಬರಿಗೈ ನೋಡಿದರು.

“ಕಾಕಾ, ತಪ್ಪಾಗ್ಯಾದ್ರಿ. ನಮ್ಮವ್ವ ಅದನ್ನ ಭಸ್ಮ ಅಂತ ತಿಳಕೊಂಡು ಎಲ್ಲಾರ ಹಣಿಗಿ ಹಚ್ಚಿಬಿಟ್ಟಾಳ್ರಿ. ನಾನೂ ಹಚ್ಕೊಂಡೀನಿ.”

ಅವರ ತುಟಿಯಿಂದ ಸೀಟಿ ಜಾರಿ ದಾರಕ್ಕೆ ಜೋತುಬಿತ್ತು. ನನ್ನ ಹಣೆಯನ್ನೇ ದಿಟ್ಟಿಸಿದರು.

“ಮೊಳಕಿ ಏನರ ಬಂದದೇನ್ರಿ?”

ನಾನು ಹಣೆ ಮುಟ್ಟಿ ನೋಡಿಕೊಂಡೆ. ಅವರೇ ನಕ್ಕರು. ಆದರೆ ನಗು ಬೇಗ ಮುಗಿಯಿತು. “ನಿಮ್ಮ ಕಾಕುಗ ಈಗೇ ಹೇಳಬ್ಯಾಡ್ರಿ,” ಎಂದು ಮೆಲ್ಲಗೆ ಅಂದು, ಬಸ್ಸೊಂದನ್ನು ಕಳಿಸಲು ಹೋದರು. ಅವತ್ತು ಅವರ ಕೂಗಿನಲ್ಲಿ ಜೀವವಿರಲಿಲ್ಲ. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಬಸ್ಸು ಹೋಯಿತು. ಅವರು ಅರ್ಧ ದಾರಿಯಲ್ಲಿ ನಿಂತು, ಏನೋ ಹೊಳೆದವರಂತೆ ಬಿರಬಿರನೆ ತಿರುಗಿ ಬಂದರು.

“ಅಲ್ರಿ, ಉಳಿದ ಭಸ್ಮ ಏನ್ ಮಾಡಿದ್ರು ನಿಮ್ಮವ್ವ?”

“ಕೇಳಿಲ್ರಿ.”

“ಭಸ್ಮ ತುಳದಾಡೋ ಜಾಗಾದಾಗ ಒಗಿಯೋ ಪೈಕಿ ಏನ್ರಿ ಅವರು?”

“ಜೀವ ಹೋದ್ರೂ ಒಗಿಯಂಗಿಲ್ರಿ.”

“ಹಂಗಾರ ಎಲ್ಲ್ಯೋ ಮಣ್ಣಾಗ ಹಾಕಿ ಕೈ ಮುಗದಾರ. ಜಲ್ದಿ ಹೋಗ್ರಿ, ಕೇಳ್ರಿ. ಗಾಡಿ ಹಾದಿ ತಪ್ಪ್ಯಾದ, ಕೆಟ್ಟಿಲ್ಲ.”

ಅವ್ವನನ್ನು ಕೇಳಿದರೆ ಆಕೆ ಕೂಡಲೇ ಹೇಳಿದಳು. “ಶ್ರಾವಣ ಸೋಮವಾರ ಹೊಸ ಭಸ್ಮ ಬಂತು. ಹಳೇದನ್ನ ಬಾವಿ ಕಟ್ಟಿ ಬಿಲ್ವಪತ್ರಿ ಗಿಡದ ಬುಡಕ್ಕ ಹಾಕಿನಿ. ಮತ್ತೆಲ್ಲಿ ಹಾಕ್ತಾರ?”

ನಮ್ಮ ಓಣಿಯ ತುದಿಯ ಬಾವಿಯ ಪಕ್ಕ ಒಂದು ಬಿಲ್ವದ ಗಿಡವಿತ್ತು. ಪೂಜೆಯ ಬಾಡಿದ ಹೂ, ಹಳೆಯ ಭಸ್ಮ ಎಲ್ಲ ಅದರ ಬುಡಕ್ಕೆ. ನಾನು ಹೋಗಿ ನೋಡಿದಾಗ ಒಣಗಿದ ಹೂಗಳ ನಡುವೆ ಗಿಡ್ಡ ಗಿಡವೊಂದು ನಿಂತಿತ್ತು. ಅದಕ್ಕೆ ಒರಗಿಕೊಳ್ಳಲು ಯಾರೋ ಕೋಲು ಕೊಟ್ಟಿದ್ದರು, ಕೋಲಿಗೆ ವಿಭೂತಿ ಬಳಿದಿದ್ದರು. ನೆಲ್ಲಿಕಾಯಿಯಷ್ಟು ದಪ್ಪದ ಹಣ್ಣುಗಳು ಮಾಗಿ ಜೋತಿದ್ದವು. ಒಂದನ್ನೂ ಯಾರೂ ಕಿತ್ತಿರಲಿಲ್ಲ. ಓಣಿಯ ತುಂಬ ಮಕ್ಕಳು, ಆಡುಗಳು. ಬೇರೆಲ್ಲಿ ಹುಟ್ಟಿದ್ದರೂ ಅದು ಎರಡು ದಿನ ಬಾಳುತ್ತಿರಲಿಲ್ಲ. ಬಿಲ್ವದ ಬುಡದಲ್ಲಿ ಹುಟ್ಟಿತೆಂದು ಹೆಂಗಸರು ಕಾವಲು ಕಾದಿದ್ದರು. ನಾನು ಗುದ್ದಲಿ ತಂದಾಗ ನೀರು ಸೇದುತ್ತಿದ್ದ ಒಬ್ಬಾಕೆ, “ಏ, ಮುಟ್ಟಬ್ಯಾಡೋ, ಅದು ಶಿವನ ಗಿಡ” ಎಂದು ಕೂಗಿಕೊಂಡಳು. ಅವ್ವ ಮುಂದೆ ಬಂದು ಗಿಡಕ್ಕೆ ಕೈ ಮುಗಿದು ಅಂದಳು:

“ಇರ್ಲಿ ಬಿಡಬೇ. ಸ್ವಾಮಿ ಜೇವರ್ಗಿಗಿ ಹೊಂಟಾನ.”

ಗಿಡವನ್ನು ಮಣ್ಣು ಸಮೇತ ಎತ್ತಿ ಎಣ್ಣೆ ಡಬ್ಬಿಗೆ ಇಳಿಸಿದೆ. ಗುಲಬರ್ಗಾದ ತನಕ ಒಂದು, ಅಲ್ಲಿಂದ ಜೇವರ್ಗಿಗೆ ಇನ್ನೊಂದು, ಎರಡು ಲಗೇಜ್ ಟಿಕೆಟ್ ತೆಗೆಸಿದೆ. ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದೆ.

ಜೇವರ್ಗಿಯಲ್ಲಿ ಬಸ್ಸು ಇನ್ನೂ ನಿಲ್ಲುವ ಮೊದಲೇ ಕಾಕಾ ಕಿಟಕಿಯ ಗುಂಟ ಓಡಿ ಬಂದರು. “ಬರ್ರಿ, ಬರ್ರಿ,” ಎಂದು ಎರಡೂ ಕೈ ಚಾಚಿದರು. ನನಗೇ ಅನ್ನುತ್ತಿದ್ದಾರೆಂದು ತಿಳಿದು, “ಬಂದೆ ಕಾಕಾ” ಎಂದೆ. ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ಡಬ್ಬಿ ಇಸಿದುಕೊಂಡು ಅದರ ಎಲೆಯ ಧೂಳು ಒರೆಸಿ, “ಭಾಳ ಲೇಟ್ ಮಾಡಿದ್ರಿ,” ಎಂದರು. ಟಮಾಟಿ ಗಿಡಕ್ಕೆ ಅವರು ರೀ ಹಚ್ಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮನೆಗೆ ಹೋದ ಮೇಲೆ ರಿಜಿಸ್ಟರು ತೆಗೆದರು. ಆ ವರ್ಷದ ಸಾಲಿನಲ್ಲಿ ಪೆನ್ಸಿಲಿನ ‘ಇನ್ನೂ ಬಂದಿಲ್ಲ’ ಇತ್ತು. ಅದನ್ನು ಅಳಿಸದೆ ಮುಂದೆ ಶಾಯಿಯಲ್ಲಿ ಬರೆದರು: ‘ಬಂತು. ವಯಾ ಬಿಲ್ವಪತ್ರಿ.’

ಇಂಥವರು ನಮ್ಮ ಡಿಪೋದಲ್ಲಿ ಮತ್ತೊಬ್ಬರು ಬರಲಿಲ್ಲ. ದೊಡ್ಡ ಮಾತು ಆಡಿದವರಲ್ಲ, ಪದಕ ಪಡೆದವರಲ್ಲ. ಹೆಂಡತಿಯ ತಟ್ಟೆಯಲ್ಲಿ ಬೇಸಿಗೆಯ ಎರಡು ತಿಂಗಳು ಹುಳಿ ಇರಬೇಕೆಂದು ಹಟ ಹಿಡಿದರು, ಅದನ್ನು ಸಾಧಿಸಿದರು. ನನ್ನಿಂದ ಅದು ತಪ್ಪಿಹೋಗುವುದರಲ್ಲಿದ್ದಾಗಲೂ ಒಂದು ಬಿರುನುಡಿ ಆಡಲಿಲ್ಲ. ಅವರ ಮೇಲೆ ನನಗಿದ್ದದ್ದು ಭಕ್ತಿಯೇ. ಬೇರೆ ಹೆಸರು ಕೊಟ್ಟರೆ ಸುಳ್ಳಾಗುತ್ತದೆ.

ಸುದ್ದಿ ಬಂದ ಮರುದಿನ ಅಫಜಲಪುರಕ್ಕೆ ಹೋದೆ. ಕಾಕುವಿನ ಬೆರಳುಗಳು ಈಗ ಪೂರ್ತಿ ಸೊಟ್ಟಗಾಗಿವೆ. ಗೋಡೆಯ ನೆರಳಲ್ಲಿ ಮೂರು ಡಬ್ಬಿ ಇದ್ದವು, ಮೂರರಲ್ಲೂ ಕಾಯಿ. ಗೋಣಿತಟ್ಟು ಒದ್ದೆಯಾಗಿತ್ತು, ಆ ಬೆರಳುಗಳಲ್ಲಿ ಆಕೆಯೇ ನೀರು ಹಾಕಿದ್ದರು. ಹೊರಡುವಾಗ ಸೆರಗಿನಿಂದ ಒಂದು ಪುಡಿಕೆ ಬಿಚ್ಚಿ ಕೊಟ್ಟರು. ಮೇಲೆ ಪೆನ್ಸಿಲ್ ಅಕ್ಷರ: ‘ವಸ್ತಿ. ಎರಡನೇ ಗಾಡಿ. ಆಳಂದ.’

“ಹೋದ ಬ್ಯಾಸಗ್ಯಾಗ ಕಟ್ಟಿಟ್ಟಿದ್ರು. ಕಳಸೂದೊಂದು ಉಳದಿತ್ತು,” ಎಂದರು. ಆಮೇಲೆ, ಅಷ್ಟು ದುಃಖದಲ್ಲೂ, “ಬೀಜ ಅದಪ್ಪ ಇದು. ಭಸ್ಮ ಅಲ್ಲ,” ಎಂದು ಸೇರಿಸಿದರು.

ಸ್ಟ್ಯಾಂಡಿಗೆ ಬಂದೆ. ಆಳಂದದ ಗಾಡಿ ಇನ್ನೂ ಬಂದಿರಲಿಲ್ಲ. ಕಲ್ಲು ಬೆಂಚಿನ ಮೇಲೆ ಕೂತು ಪುಡಿಕೆ ಬಿಚ್ಚಿದೆ. ಅವ್ವ ಹೋಗಿ ಎರಡು ವರ್ಷವಾಯಿತು. ಈಗ ಕಾಕಾನೂ ಇಲ್ಲ. ಗೊತ್ತಿದ್ದೂ ಗೊತ್ತಿದ್ದೂ ಒಂದು ಚಿಟಿಕೆ ಬೂದಿ ತೆಗೆದು ಹಣೆಗೆ ಹಚ್ಚಿಕೊಂಡೆ. ಒರಟಾಗಿತ್ತು. ಬೆರಳಿಗಂಟಿದ ಒಂದು ಬೀಜವನ್ನು ಹುಷಾರಾಗಿ ಬಿಡಿಸಿ ಮತ್ತೆ ಪುಡಿಕೆಯೊಳಗೆ ಹಾಕಿದೆ.